ನಾಲ್ಕು ಗಂಟೆಯ ಹಸಿವು

ಹಸಿವಿಲ್ಲದೆ ತಿನ್ನುವುದಕ್ಕೆ ನಾನೊಂದು ಒಳ್ಳೆಯ ಜಾಗ ಹುಡುಕಿಕೊಂಡಿದ್ದೆ. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಣಗಿಸಿದ ಮರಗೆಣಸಿನ ಗೋಣಿಗಳನ್ನು ಒಂದರ ಮೇಲೊಂದು ಪೇರಿಸಿ ಇಡುತ್ತಿದ್ದರು. ಆ ಗೋಣಿಗಳಿಗೂ ಮಣ್ಣಿನ ಗೋಡೆಗೂ ನಡುವೆ ಹನ್ನೆರಡು ವರ್ಷದ ಹುಡುಗಿ ನಿಲ್ಲುವಷ್ಟು ಸಂದು ಇತ್ತು. ಕೂರಲು ಆಗುತ್ತಿರಲಿಲ್ಲ. ಹುಲ್ಲು ಮಾಡಿನ ತೂತಿನಿಂದ ಬಿಸಿಲಿನ ಕೋಲೊಂದು ಓರೆಯಾಗಿ ಇಳಿದು, ಅದರೊಳಗೆ ಗೆಣಸಿನ ಬಿಳಿ ಧೂಳು ಮೇಲೆ ಕೆಳಗೆ ತೇಲುತ್ತಿತ್ತು. ಅದನ್ನು ನೋಡುತ್ತಾ ನಾನು ತಿನ್ನುತ್ತಿದ್ದೆ.

ಬೆಳಗಿನ ತಣ್ಣಗಿನ ಗೆಣಸು, ಬೆಲ್ಲದ ಉಂಡೆ, ಗಂಜಿಯ ಅಡಿಯ ಅನ್ನ, ತೆಂಗಿನಕಾಯಿಯ ಚೂರು, ಕೈಗೆ ಏನು ಸಿಕ್ಕಿತೋ ಅದು. ರುಚಿ ನೋಡಲು ಬಾಯಿಗೆ ಪುರುಸೊತ್ತೇ ಇರಲಿಲ್ಲ. ಹೊಳೆಯಲ್ಲಿ ಮುಳುಗು ಹಾಕಿದಾಗ ದಡದ ಮಾತು ಕೇಳುವ ಹಾಗೆ, ಅಂಗಳದ ಕೋಳಿಯ ಸದ್ದು, ತಂಗಿಯ ಕೂಗು ಎಲ್ಲ ಎಲ್ಲೋ ದೂರದಿಂದ ಬರುತ್ತಿತ್ತು. ಆಮೇಲೆ ಒಮ್ಮೆಲೇ ಕೈ ನಿಲ್ಲುತ್ತಿತ್ತು. ಹೊಟ್ಟೆ ಕಲ್ಲಿನಂತಾಗಿ, ಸದ್ದುಗಳೆಲ್ಲ ಹತ್ತಿರ ಬಂದು, ನನಗೆ ನನ್ನ ಮೇಲೆಯೇ ಅಸಹ್ಯವಾಗುತ್ತಿತ್ತು. ನಾಳೆ ಹೀಗೆ ಮಾಡುವುದಿಲ್ಲವೆಂದು ಇಗರ್ಜಿಯ ದೇವಮಾತೆಯ ಮೇಲೆ ಆಣೆ ಹಾಕುತ್ತಿದ್ದೆ. ಪಾಪ, ಆ ಮಾತೆ ನನ್ನಿಂದ ಎಷ್ಟು ಸುಳ್ಳು ಆಣೆ ಕೇಳಿಸಿಕೊಂಡಳೋ.

ಅರವತ್ತರ ದಶಕದ ಮೊದಲ ವರ್ಷಗಳು ಅವು. ಕಡಬ ಪೇಟೆಯಿಂದ ಎರಡು ಗಂಟೆ ನಡೆದರೆ ನಮ್ಮ ಗುಡ್ಡ. ಕೇರಳದಿಂದ ಬಂದ ಏಳು ಕ್ರೈಸ್ತ ಮನೆಗಳವರು ಅಲ್ಲಿ ಕಾಡು ಕಡಿದು ಮರಗೆಣಸು ನೆಟ್ಟಿದ್ದೆವು, ರಬ್ಬರ್ ಸಸಿ ಇಟ್ಟಿದ್ದೆವು. ಅಪ್ಪಚ್ಚನ್, ನಮ್ಮಲ್ಲಿ ಅಪ್ಪನನ್ನು ಕರೆಯುವುದು ಹಾಗೆ, ಮಹಾಯುದ್ಧದ ಕಾಲದಲ್ಲಿ ಊರಲ್ಲಿ ಅಕ್ಕಿ ಸಿಗದೆ ಹಸಿದು ಬೆಳೆದವರು. ಮಕ್ಕಳ ಹೊಟ್ಟೆ ತುಂಬುವ ನೆಲ ಬೇಕೆಂದು ಹುಡುಕಿಕೊಂಡು ಇಲ್ಲಿಗೆ ಬಂದಿದ್ದರು. ನೆಲವೇನೋ ಸಿಕ್ಕಿತು. ಮೂರನೆಯ ಮಳೆಗಾಲದಲ್ಲಿ ಅಮ್ಮನಿಗೆ ಚಳಿಜ್ವರ ಬಂತು, ಹದಿನೊಂದು ದಿನದಲ್ಲಿ ಅಮ್ಮ ಇಲ್ಲವಾದಳು.

ಅಮ್ಮ ಹೋದ ಮೇಲೆ ಮನೆಯಲ್ಲಿ ಅವಳ ಮಾತು ಎತ್ತುವವರಿಲ್ಲ. ಅಪ್ಪಚ್ಚನ್ ಅವಳ ಬಟ್ಟೆಗಳನ್ನು ಯಾರಿಗೋ ಕೊಟ್ಟುಬಿಟ್ಟರು. ಅವಳು ಮಲಗುತ್ತಿದ್ದ ಚಾಪೆಯನ್ನು ಅಟ್ಟಕ್ಕೆ ಏರಿಸಿದರು. ಐದು ವರ್ಷದ ತಂಗಿ “ಅಮ್ಮ ಎಲ್ಲಿ” ಅಂದರೆ ಎದ್ದು ತೋಟಕ್ಕೆ ಹೋಗುತ್ತಿದ್ದರು. ಅವರಿಗೆ ಕಲ್ಲು ಮನಸ್ಸು ಎಂದು ಆಗ ನಾನು ತೀರ್ಮಾನಿಸಿದ್ದೆ. ತೀರ್ಮಾನಕ್ಕೆ ಬರುವುದರಲ್ಲಿ ನಾನು ಮೊದಲಿನಿಂದಲೂ ಚುರುಕು, ಸರಿ ತೀರ್ಮಾನಕ್ಕೆ ಬರುವುದರಲ್ಲಿ ಅಲ್ಲ. ಅಳು ಬರಲಿಲ್ಲ ನನಗೆ. ಗೋಣಿಯ ಹಿಂದೆ ನಿಂತು ತಿನ್ನುವುದು ಮಾತ್ರ ಬಂತು.

ಎಲ್ಲರಿಗೂ ಗೊತ್ತಾದದ್ದು ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರದಂದು. ಆ ದಿನ ನಮ್ಮ ಮನೆಗಳಲ್ಲಿ ಹುಳಿ ಬರಿಸದ ಅಕ್ಕಿ ಹಿಟ್ಟಿನ ಅಪ್ಪ ಬೇಯಿಸುತ್ತಾರೆ. ನಡುವೆ ತೆಂಗಿನ ಗರಿಯ ಸಣ್ಣ ಶಿಲುಬೆ ಇಟ್ಟಿರುತ್ತಾರೆ. ಸಂಜೆ ಪ್ರಾರ್ಥನೆ ಮುಗಿಸಿ ಮನೆಯ ಯಜಮಾನ ಅದನ್ನು ಮುರಿದು, ಬೆಲ್ಲದ ತೆಂಗಿನ ಹಾಲಿನಲ್ಲಿ ಅದ್ದಿ, ದೊಡ್ಡವರಿಂದ ಚಿಕ್ಕವರವರೆಗೆ ಎಲ್ಲರಿಗೂ ಕೊಡಬೇಕು. ಒಂದು ಚೂರೂ ನೆಲಕ್ಕೆ ಬೀಳಬಾರದು. ವರ್ಷದೊಳಗೆ ಸಾವಾದ ಮನೆಯಲ್ಲಿ ಅದನ್ನು ಮಾಡುವ ಹಾಗಿಲ್ಲ. ನೆಂಟರ ಮನೆಯಿಂದ ಬರಬೇಕು. ನಮಗೆ ಈ ಗುಡ್ಡದಲ್ಲಿ ನೆಂಟರು ಯಾರು? ಅದಕ್ಕೇ ಆರು ಮನೆಯವರೂ ಒಬ್ಬರಿಗೊಬ್ಬರು ಹೇಳದೆ, ಪಾಪ ಅವರಿಗೆ ಯಾರು ಕೊಡುತ್ತಾರೆ ಎಂದುಕೊಂಡು, ಒಂದೊಂದು ಅಪ್ಪ ಕಳಿಸಿದರು. ಮೂರು ಜನರ ಮನೆಗೆ ಆರು ಅಪ್ಪ, ಆರು ತಂಬಿಗೆ ಹಾಲು.

ಅಪ್ಪಚ್ಚನ್ ತಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಇಗರ್ಜಿಗೆ ಹೋಗಿದ್ದರು. ತಂದವರಿಂದ ಇಸಿದುಕೊಳ್ಳಲು ನಾನು ಮನೆಯಲ್ಲಿದ್ದೆ. ಕೊಟ್ಟವರೆಲ್ಲ ನನ್ನ ತಲೆ ಸವರಿದರು, ಗದ್ದ ಹಿಡಿದು ನೋಡಿದರು, ಅಮ್ಮನಿಲ್ಲದ ಮಗು ಎಂದು ಕಣ್ಣೊರಸಿಕೊಂಡರು. ಆರನೆಯವರು ಹೋದ ಮೇಲೆ ಬಾಗಿಲು ಹಾಕಿದೆ. ಸಂಜೆಯ ಬಿಸಿಲು ಹಳದಿಯಾಗಿ ಅಡುಗೆಮನೆಯೊಳಗೆ ಬಿದ್ದಿತ್ತು. ಒಂದೊಂದೇ ಬಾಳೆಲೆ ಬಿಚ್ಚಿದ್ದು ನೆನಪಿದೆ. ಮೂರನೆಯದರಿಂದ ಮುಂದೆ ನೆನಪಿಲ್ಲ. ಎಚ್ಚರವಾದಾಗ ಆರು ಗರಿಯ ಶಿಲುಬೆಗಳು ನನ್ನ ಕಾಲ ಬಳಿ ಬಿದ್ದಿದ್ದವು.

ಇಡೀ ದಿನ ಉಪವಾಸವಿದ್ದ ಅಪ್ಪಚ್ಚನ್ ಬಂದು ಖಾಲಿ ತಟ್ಟೆ ನೋಡಿದರು, ನನ್ನನ್ನು ನೋಡಿದರು. ಹೊಡೆಯಲಿಲ್ಲ. ಒಲೆಯ ಮೇಲಿದ್ದ ಗೆಣಸಿನ ತುಂಡೊಂದನ್ನು ತೆಗೆದು, ಪ್ರಾರ್ಥನೆ ಹೇಳಿ, ಮುರಿದು, ತಂಗಿಗೆ ಕೊಟ್ಟರು, ನನಗೂ ಕೊಟ್ಟರು. ಆಮೇಲೆ ಗೋಡೆಗೆ ಮುಖ ಮಾಡಿ, “ನನ್ನ ಮನೆಯಲ್ಲಿ ಮಗು ಇಷ್ಟು ಹಸಿದಿದೆ, ನನಗೆ ತಿಳಿಯಲಿಲ್ಲವಲ್ಲಾ” ಅಂದರು.

ಹಸಿವು ಕಂಡವರು ಮಾತ್ರ ಮಾಡಬಹುದಾದ ತಪ್ಪು ಅದು. ಅವರ ಲೆಕ್ಕದಲ್ಲಿ ತಿನ್ನುವುದಕ್ಕೆ ಒಂದೇ ಕಾರಣ. ಮರುದಿನದಿಂದ ನನ್ನ ತಟ್ಟೆಗೆ ತಮ್ಮ ಪಾಲನ್ನೂ ಸುರಿಯತೊಡಗಿದರು. ಎಲ್ಲಿಂದಲೋ ಅಕ್ಕಿ ತಂದರು, ಮೊಟ್ಟೆಯಿಡುವ ಕೋಳಿಯನ್ನು ಕುಯ್ದರು. ಅವರ ಕೊರಳಿನ ಎಲುಬು ಎದ್ದು ಕಾಣುತ್ತಿತ್ತು. ನಾನು ಊದಿಕೊಳ್ಳುತ್ತಿದ್ದೆ. ಅವರು ಬಡಿಸಿದ್ದನ್ನು ತಿನ್ನುತ್ತಿದ್ದೆ, ಗೋಣಿಯ ಹಿಂದೆಯೂ ತಿನ್ನುತ್ತಿದ್ದೆ. ಬೇಡ ಅನ್ನಲು ಬಾಯಿ ಬರುತ್ತಿರಲಿಲ್ಲ, ಯಾಕೆಂದರೆ ನಾನು ತಿನ್ನುವಾಗ ಮಾತ್ರ ಅವರ ಮುಖ ಸ್ವಲ್ಪ ಸಡಿಲವಾಗುತ್ತಿತ್ತು.

ಇಗರ್ಜಿಯ ಪಾದ್ರಿಗಳಿಗೆ ಪಾಪನಿವೇದನೆಯಲ್ಲಿ ಎಲ್ಲ ಹೇಳಿದೆ. ಮೆತ್ತಗಿನ ಮನುಷ್ಯ, ಬೈಯಲಿಲ್ಲ. ಹೊಟ್ಟೆಬಾಕತನಕ್ಕೆ ಮದ್ದು ಉಪವಾಸ, ಶುಕ್ರವಾರ ಶನಿವಾರ ಒಂದೇ ಹೊತ್ತು ಗಂಜಿ ಕುಡಿ ಅಂದರು. ಹಾಗೇ ಮಾಡಿದೆ. ಶುಕ್ರವಾರ ಶನಿವಾರ ಸಂತಳಾಗಿದ್ದು ಭಾನುವಾರ ಭೂತವಾಗುತ್ತಿದ್ದೆ. ಕಡಬದ ಪಂಡಿತರು ಹೊಟ್ಟೆಯಲ್ಲಿ ಹುಳ ಉಂಟು ಎಂದು ಕಹಿ ಕಷಾಯ ಕೊಟ್ಟರು. ಹುಳ ಬಿದ್ದವು. ತಿನ್ನುವುದು ಬೀಳಲಿಲ್ಲ.

ಈಸ್ಟರ್ ಕಳೆದ ಮೂರನೆಯ ವಾರ ಅಮ್ಮಾಯಿ, ಅಂದರೆ ಅಪ್ಪಚ್ಚನ್‌ನ ಅಕ್ಕ, ಕೇರಳದ ಊರಿಂದ ಬಂದಿಳಿದರು. ಅವರು ಬಂದ ದಿನವೇ ಹಿಂದಿನ ಕೋಣೆಗೆ ಬೀಗ ಬಿತ್ತು. ಬೀಗದ ಕೈ ಅವರ ಸೊಂಟದಲ್ಲಿ. ನನಗೆ ಅಳತೆಯ ಅನ್ನ. ಊಟವಾದ ಮೇಲೆ ಬಾಯಿ ತೆರೆದು ತೋರಿಸಬೇಕು. ಅವರ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ, ಅವರು ಸತ್ತು ಎಷ್ಟೋ ವರ್ಷವಾದ ಮೇಲೆ ಈಗಲೂ ಬೀಗದ ಕೈಯ ಸದ್ದಿಗೆ ಕಿವಿ ಬಿಸಿಯಾಗುತ್ತದೆ. ಆದರೂ ಹೇಳಬೇಕು, ಅವರೂ ಪ್ರೀತಿಯಿಂದಲೇ ಬಂದವರು. ಎಲ್ಲರೂ ಪ್ರೀತಿಯಿಂದಲೇ ಬಂದಿದ್ದರು. ಒಬ್ಬರು ತುಂಬಿಸಿದರು, ಒಬ್ಬರು ಬರಿದು ಮಾಡಿದರು, ಒಬ್ಬರು ಬೀಗ ಹಾಕಿದರು.

ಬೀಗ ಹಾಕಿದ್ದರಿಂದ ಆದದ್ದು ಇಷ್ಟು. ಮಳೆ ಹಿಡಿಯುವ ಮೊದಲು ಮರಗೆಣಸು ಕಿತ್ತು, ಹೆಚ್ಚಿ, ದೊಡ್ಡ ಕೊಪ್ಪರಿಗೆಯಲ್ಲಿ ಕುದಿಸಿ, ಹಾಸುಬಂಡೆಯಂಥ ಪಾರೆಕಲ್ಲಿನ ಮೇಲೆ ಒಣಗಿಸುವ ಕೆಲಸ ನಮ್ಮದು. ಏಳು ಮನೆಯವರೂ ಸೇರುತ್ತಿದ್ದರು, ಈ ದಿನ ಒಬ್ಬರದು, ನಾಳೆ ಇನ್ನೊಬ್ಬರದು. ಆ ದಿನ ನಮ್ಮದು. ಕೊಪ್ಪರಿಗೆಯಿಂದ ಏಳುವ ಆವಿಯಲ್ಲಿ ಹೆಂಗಸರ ಮುಖಗಳು ಕಂಡು ಮರೆಯಾಗಿ ಕಂಡು ಮರೆಯಾಗುತ್ತಿದ್ದವು. ಹಿಂದಿನ ವರ್ಷ ಅದೇ ಆವಿಯೊಳಗೆ ಅಮ್ಮ ಸೌಟು ಹಿಡಿದು ನಿಂತಿದ್ದಳು. ಒಂದು ಕ್ಷಣ, ಆವಿ ಸರಿದಾಗ, ಅವಳು ಅಲ್ಲೇ ಇದ್ದಾಳೆ ಅನ್ನಿಸಿತು. ಇನ್ನೊಮ್ಮೆ ಸರಿದಾಗ ಅಲ್ಲಿ ಅಮ್ಮಾಯಿ ಇದ್ದರು.

ನನ್ನ ಪಕ್ಕದಲ್ಲಿ ಹಸಿ ಗೆಣಸಿನ ರಾಶಿ. ಕಾಡುಹಂದಿ ತಿನ್ನದಿರಲೆಂದು ತೋಟದ ಅಂಚಿನಲ್ಲಿ ನೆಡುವ ಕಹಿ ಜಾತಿಯದು. ಕುದಿಸಿ ನೀರು ಚೆಲ್ಲದೆ ತಿಂದರೆ ವಿಷ ಎಂಬುದು ನಮ್ಮಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಸಾಯಬೇಕೆಂದು ತಿಂದದ್ದಲ್ಲ. ಕೈ ಹೋಯಿತು, ಅಷ್ಟೆ. ಸ್ವಲ್ಪ ಹೊತ್ತಿಗೆ ಪಾರೆಕಲ್ಲು ತಿರುಗತೊಡಗಿತು, ಆಕಾಶ ಕೆಳಗೆ ಬಂತು.

ನನ್ನನ್ನು ಎತ್ತಿಕೊಂಡು ಓಡಿದವರು, ಆ ದಿನ ಗೆಣಸು ಹೆಚ್ಚಲು ಬಂದಿದ್ದ ಬೀಡಿ ಅಕ್ಕ. ಗುಡ್ಡದ ಬುಡದಲ್ಲಿ ಒಂಟಿಯಾಗಿದ್ದ, ಬೀಡಿ ಕಟ್ಟಿ ಬದುಕುತ್ತಿದ್ದ ತುಳು ಹೆಂಗಸು ಅವರು. ನಾವು ಬಂದ ಮೊದಲ ದಿನ ಒಲೆ ಹಚ್ಚಲು ಕೆಂಡ ಕೊಟ್ಟದ್ದು ಅವರೇ. ಅಮ್ಮನಿಗೆ ತುಳು ಬಾರದು, ಅವರಿಗೆ ಮಲಯಾಳ ಬಾರದು, ಆದರೂ ಇಬ್ಬರೂ ದಿನಾ ಒಟ್ಟಿಗೆ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಶಾಲೆಗೆ ಹೋಗುವವಳೆಂಬ ಗೌರವಕ್ಕೆ ನನ್ನೊಡನೆ ಮಾತ್ರ ಕನ್ನಡದಲ್ಲಿ ಮಾತಾಡುತ್ತಿದ್ದರು. ಕಡಬದ ಆಸ್ಪತ್ರೆಯಲ್ಲಿ ನಾನು ಎರಡು ದಿನ ವಾಂತಿ ಮಾಡಿಕೊಂಡು ಬದುಕಿದೆ.

ಮನೆಗೆ ಬಂದ ಮೇಲೆ ನನ್ನ ಹಾಸಿಗೆಯ ಸುತ್ತ ಪಂಚಾಯಿತಿಕೆ. ಅಮ್ಮಾಯಿ ಹೇಳಿದರು, ಇವಳನ್ನು ಊರಿನ ಕನ್ಯಾಸ್ತ್ರೀಯರ ಬೋರ್ಡಿಂಗಿಗೆ ಹಾಕುವುದು, ಅಲ್ಲಿ ಗಂಟೆ ಹೊಡೆದರೆ ಮಾತ್ರ ಊಟ, ಜೂನಿನಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ. ಬೋರ್ಡಿಂಗ್ ಎಂದರೆ ವರ್ಷಕ್ಕೊಮ್ಮೆ ಮನೆ. ಅಪ್ಪನಿಲ್ಲ, ತಂಗಿಯಿಲ್ಲ. ಅಮ್ಮನನ್ನು ಮಣ್ಣು ಮಾಡಿದ ಗುಡ್ಡವೂ ಇಲ್ಲ. ನನ್ನ ಕೈಯನ್ನು ನಾನು ಹಿಡಿಯಲಾರದ್ದಕ್ಕೆ ಉಳಿದದ್ದನ್ನೂ ಕಳೆದುಕೊಳ್ಳುತ್ತೇನೆ ಎಂದು ಹೆದರಿದೆ.

ಬೀಡಿ ಅಕ್ಕ ಬಾಗಿಲ ಬಳಿ ಕುಕ್ಕುರುಗಾಲಿನಲ್ಲಿ ಕೂತಿದ್ದವರು ನನ್ನನ್ನೇ ಕೇಳಿದರು, “ಅದು ಯಾವಾಗ ಬರ್ತದೆ ಮಗಾ?”

“ಯಾವುದು?”

“ಅದೇ, ತಿನ್ನುದು. ಬೆಳಿಗ್ಗೆ ಬರ್ತದಾ, ಬೈಗಿಗಾ?”

ಜ್ವರದ ವಿಷಯ ಕೇಳುವ ಹಾಗೆ ಕೇಳಿದ್ದರು. ನಾನು ಯೋಚಿಸಿದೆ. ಅಷ್ಟು ದಿನ ಎಲ್ಲರೂ ಎಷ್ಟು ತಿಂದೆ ಎಂದು ಕೇಳಿದ್ದರು, ಯಾಕೆ ತಿಂದೆ ಎಂದು ಗದರಿದ್ದರು. ಯಾವಾಗ ಎಂದು ಯಾರೂ ಕೇಳಿರಲಿಲ್ಲ. “ನಾಲ್ಕು ಗಂಟೆಗೆ,” ಅಂದೆ. ಹೇಳಿದ ಮೇಲೆ ನನಗೇ ಹೊಳೆಯಿತು. ನಾಲ್ಕು ಗಂಟೆಗೆ ಅಮ್ಮ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ ತಲೆ ಬಾಚುತ್ತಿದ್ದಳು.

“ಹಾಗಾದ್ರೆ ನಾಲ್ಕು ಗಂಟೆಗೆ ನನ್ನಲ್ಲಿಗೆ ಕಳಿಸಿ ಮಾರಾಯ್ರೆ,” ಎಂದು ಅಕ್ಕ ಅಪ್ಪಚ್ಚನ್‌ಗೆ ಹೇಳಿದರು. “ಜೂನಿಗೆ ಇನ್ನೂ ದಿನ ಉಂಟಲ್ಲ. ಹೋಗುದಾದ್ರೆ ಮತ್ತೆ ಹೋಗ್ಲಿ.”

ಅಮ್ಮಾಯಿಗೆ ಸರಿಬರಲಿಲ್ಲ. ಬೀಡಿ ಕಟ್ಟುವವಳಿಗೆ ಎಂತ ಗೊತ್ತು, ಭೂತಕ್ಕೆ ದೀಪ ಇಡುವ ಮನೆ ಬೇರೆ ಎಂದು ಮೂಗು ಮುರಿದರು. ಅಪ್ಪಚ್ಚನ್ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ನನ್ನ ಮದ್ದನ್ನು ನಾನೇ ಆರಿಸಿಕೊಂಡದ್ದು ಅದೇ ಮೊದಲು.

ಅವರ ಮನೆಯಲ್ಲಿ ಪವಾಡವೇನೂ ನಡೆಯಲಿಲ್ಲ. ನಾಲ್ಕು ಗಂಟೆಗೆ ಹೋದರೆ ಬಟ್ಟಲಲ್ಲಿ ಗಂಜಿ, ಒಂದು ತುಂಡು ಉಪ್ಪಿನಕಾಯಿ. ಇಬ್ಬರಿಗೂ ಒಂದೇ ಅಳತೆ. ಕೂತು ತಿನ್ನಬೇಕು ಎಂಬುದೊಂದೇ ಕಟ್ಟಳೆ. “ನಿಂತು ತಿಂದ್ರೆ ಹೊಟ್ಟೆಗೆ ಗೊತ್ತಾಗುದಿಲ್ಲ,” ಅನ್ನುತ್ತಿದ್ದರು. ಆಮೇಲೆ ಅವರು ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಸುರುಟುವರು, ನಾನು ಎಲೆ ಕತ್ತರಿಸುವೆ. ಕತ್ತರಿಯ ಕಚಕಚ, ತಂಬಾಕಿನ ಘಾಟು, ಬಾಗಿಲಾಚೆ ಹಲಸಿನ ಮರದ ನೆರಳು ನಿಧಾನ ಅಂಗಳ ದಾಟುವುದು. ಎಷ್ಟೋ ದಿನ ಮಾತೇ ಇರುತ್ತಿರಲಿಲ್ಲ. ಕೆಲವು ದಿನ ಅವರೇ ಅಮ್ಮನ ಮಾತು ಎತ್ತುತ್ತಿದ್ದರು. ಅಮ್ಮ ಇಲ್ಲೇ ಕೂರುತ್ತಿದ್ದಳು, ಅವಳು ನಕ್ಕರೆ ಕೋಳಿ ಬೆದರುತ್ತಿತ್ತು, ಜಿಗಣೆಗೆ ಹೆದರಿ ಸೀರೆ ಮೊಣಕಾಲಿಗೆ ಏರಿಸಿಕೊಂಡು ಓಡುತ್ತಿದ್ದಳು. ಆ ಮನೆಯಲ್ಲಿ ಕೂತಾಗ ಅಮ್ಮ ಸತ್ತವಳು ಅನ್ನಿಸುತ್ತಿರಲಿಲ್ಲ, ಬಾವಿಗೆ ಹೋದವಳು ಈಗ ಬರುತ್ತಾಳೆ ಅನ್ನಿಸುತ್ತಿತ್ತು. ಒಂದು ದಿನ ಎಲೆ ಕತ್ತರಿಸುತ್ತಾ ಇದ್ದ ಹಾಗೇ ಅಳತೊಡಗಿದೆ. ಅಕ್ಕ ಕೆಲಸ ನಿಲ್ಲಿಸಲಿಲ್ಲ. “ಎಲೆ ಒದ್ದೆ ಮಾಡ್ಬೇಡ,” ಅಂದರು, ಸೆರಗಿನ ತುದಿ ನನ್ನ ಕಡೆ ಎಸೆದರು.

ಅಂದಿನಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅತ್ತ ದಿನವೇ ಮನೆಗೆ ಹೋಗಿ ಅಮ್ಮಾಯಿಯ ಸೊಂಟದಿಂದ ಬೀಗದ ಕೈ ಕದ್ದು ಅರ್ಧ ಬೆಲ್ಲದಚ್ಚು ತಿಂದೆ. ಮರುದಿನ ನಾಚಿಕೆಯಿಂದ ಹೇಳಿದಾಗ ಅಕ್ಕ, “ಅದು ಎಷ್ಟು ಹೊತ್ತು ಕೂತಿತ್ತು?” ಅಂದರು. ಮೊದಲಿನಷ್ಟು ಹೊತ್ತು ಇರಲಿಲ್ಲ ಅಂದೆ. “ಹಾಗಾದ್ರೆ ಅದಕ್ಕೂ ಬೇಜಾರು ಬಂದಿದೆ,” ಎಂದು ಗಂಜಿ ಬಡಿಸಿದರು. ಎಂದಿನಷ್ಟೇ. ತಪ್ಪಿಗೆ ಕಡಿಮೆಯೂ ಇಲ್ಲ, ಕನಿಕರಕ್ಕೆ ಹೆಚ್ಚೂ ಇಲ್ಲ.

ಮೊನ್ನೆ ನೆಂಟರ ಹುಡುಗಿಯೊಬ್ಬಳು ಕೋಣೆಯ ಬಾಗಿಲು ಹಾಕಿಕೊಂಡು ತಿನ್ನುತ್ತಾಳೆಂದು ಅವಳ ತಾಯಿ ನನ್ನ ಹತ್ತಿರ ಕರೆತಂದರು. ಈಗ ಇದಕ್ಕೆ ಹೆಸರಿದೆ, ಡಾಕ್ಟರರಿದ್ದಾರೆ, ಆಪ್ತಸಲಹೆಗಾರರಿದ್ದಾರೆ. ಖಂಡಿತ ಹೋಗಿ ಅಂದೆ. ಬುದ್ಧಿ ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ, ಆದರೂ ಹುಡುಗಿಗೆ ಒಂದು ಮಾತು ಹೇಳಿದೆ. ಮೊದಲ ದಿನವೇ ತಕ್ಕಡಿ ಹಿಡಿಯುವವರಾದರೆ ಇನ್ನೊಬ್ಬರನ್ನು ನೋಡು. ಯಾವಾಗ ಬರುತ್ತದೆ ಎಂದು ಕೇಳಿ, ನೀನು ಹೇಳುವವರೆಗೆ ಕಾಯುವವರು ಸಿಕ್ಕಿದರೆ ಅಲ್ಲೇ ಕೂರು. ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು. ಅವಳ ತಾಯಿಗೆ ಅರ್ಥವಾಯಿತೋ ಇಲ್ಲವೋ.

ಆ ವರ್ಷದ ಜೂನ್ ಬಂತು. ಅಮ್ಮಾಯಿ ನನ್ನ ಟ್ರಂಕು ಕಟ್ಟಿ ಅಂಗಳದಲ್ಲಿಟ್ಟರು. ಬೀಗದ ಕೈ ಕದ್ದು ಗೋಣಿಯ ಸಂದಿಗೆ ನಾನು ವಾರಕ್ಕೊಮ್ಮೆಯಾದರೂ ಹೋಗುತ್ತಲೇ ಇದ್ದೆ, ಆದ್ದರಿಂದ ನಾನು ಗುಣವಾಗಿದ್ದೇನೆಂದು ವಾದಿಸಲು ಬಾಯಿರಲಿಲ್ಲ. ಬೆಳಗ್ಗೆ ಅಪ್ಪಚ್ಚನ್ ನನ್ನ ಎದುರು ಗಂಜಿ ಇಟ್ಟು, ಮೊದಲಿನಂತೆ ತಮ್ಮ ಬಟ್ಟಲಿನದನ್ನೂ ನನ್ನದಕ್ಕೆ ಸುರಿಯಲು ಬಗ್ಗಿದರು. ನಾನು ಬಟ್ಟಲಿನ ಮೇಲೆ ಕೈ ಅಡ್ಡ ಇಟ್ಟೆ.

“ನನಗೆ ಹಸಿವಿಲ್ಲ ಅಪ್ಪಚ್ಚನ್. ಆ ಗುರುವಾರವೂ ಹಸಿವಿರಲಿಲ್ಲ. ಅಮ್ಮ ಇಲ್ಲ, ಅದಕ್ಕೆ ತಿಂದೆ.”

ಅವರ ಕೈಯ ಬಟ್ಟಲು ಹಾಗೇ ನಿಂತಿತು. ನನಗಲ್ಲ, ಆ ಗಂಜಿಗೆ ಹೇಳುವವರ ಹಾಗೆ ಹೇಳಿದರು, “ಹಸಿವಾಗಿದ್ದರೆ ನಾನು ದುಡಿದು ತರಬಹುದಿತ್ತು. ಅವಳನ್ನು ಈ ಜ್ವರದ ಕಾಡಿಗೆ ತಂದವನು ನಾನಲ್ಲವಾ.”

ಅಪ್ಪನಿಗೆ ಕಲ್ಲು ಮನಸ್ಸೆಂದು ನಾನು ಮಾಡಿದ್ದ ತೀರ್ಮಾನ ಅಲ್ಲಿಗೆ ಪುಡಿಯಾಯಿತು. ಅವರು ಅಂಗಳಕ್ಕೆ ಹೋಗಿ ನನ್ನ ಟ್ರಂಕನ್ನು ಒಳಗೆ ತಂದಿಟ್ಟರು. ಅಮ್ಮಾಯಿ ಒಬ್ಬರೇ ಕಡಬದ ಬಸ್ಸಿಗೆ ಹೊರಟರು. ಸಿಟ್ಟಿನಲ್ಲಿದ್ದರೂ ಹೋಗುವಾಗ ಬೀಗದ ಕೈಯನ್ನು ನನ್ನ ಕೈಯಲ್ಲೇ ಇಟ್ಟು ಹೋದರು.

ಆ ಸಂಜೆ ನಾಲ್ಕು ಗಂಟೆಗೆ ನಾನು ಗುಡ್ಡ ಇಳಿಯುವಾಗ ಅಪ್ಪಚ್ಚನ್ ತಂಗಿಯ ಕೈ ಹಿಡಿದು ಹಿಂದೆ ಬರುತ್ತಿದ್ದರು. ಅಕ್ಕ ಏನೂ ಕೇಳದೆ ಇನ್ನೂ ಎರಡು ಬಟ್ಟಲು ಇಟ್ಟರು. ಅಪ್ಪಚ್ಚನ್ ಕೂತರು. ಅರೆಬರೆ ತುಳುವಿನಲ್ಲಿ, ತಡೆದು ತಡೆದು, “ಅವಳು ನಿಮ್ಮಲ್ಲಿ ಎಂತ ಹೇಳ್ತಿದ್ದಳು?” ಎಂದು ಕೇಳಿದರು.

“ನನಗೆಂತ ಅರ್ಥ ಆಗ್ತದೆ? ನೀವು ಊಟ ಬಿಟ್ಟು ಗುಡ್ಡ ಹತ್ತುದು ಕಂಡ್ರೆ ಬೈಯ್ತಿದ್ರು. ಬೈಗುಳ ಅಂತ ಸ್ವರದಲ್ಲೇ ಗೊತ್ತಾಗ್ತಿತ್ತು. ಮಕ್ಕಳ ಎದುರು ಹೇಳುದು ಹೇಗೆ?”

“ಹೇಳಿ,” ಅಂದರು ಅಪ್ಪಚ್ಚನ್.

ಅಕ್ಕ ಬೀಡಿಯ ಮೊರ ಕೆಳಗಿಟ್ಟರು. ಸೊಂಟಕ್ಕೆ ಕೈ ಕೊಟ್ಟು, ಗುಡ್ಡದ ಕಡೆ ಕತ್ತು ತಿರುಗಿಸಿ, ತಮಗೆ ಒಂದಕ್ಷರವೂ ತಿಳಿಯದ ಮಲಯಾಳದಲ್ಲಿ ಹೇಳತೊಡಗಿದರು. ಈ ಮನುಷ್ಯನಿಗೆ ಮಣ್ಣಿದ್ದರೆ ಸಾಕು, ಹೊಟ್ಟೆ ಬೇಡ, ಇವನ ಹಿಂದೆ ಗಂಜಿ ಹೊತ್ತುಕೊಂಡು ಸಾಯುವುದೇ ನನ್ನ ಹಣೆಬರಹ. ಮಾತು ಮಾತಿಗೆ ಅದೇ ಏರಿಳಿತ, ಕೊನೆಯಲ್ಲಿ ಅದೇ ಉದ್ದನೆಯ ನಿಟ್ಟುಸಿರು. ಅಮ್ಮನ ಸ್ವರ. ತಂಗಿ ತಟ್ಟನೆ ತಿರುಗಿ ಬಾಗಿಲ ಕಡೆ ನೋಡಿದಳು.

ಅಪ್ಪಚ್ಚನ್ ಕಣ್ಣು ಮುಚ್ಚಿಕೊಂಡು, “ಇನ್ನೊಮ್ಮೆ ಹೇಳಿ,” ಅಂದರು.